ಕೈಯೊಳಗೆ ಸೂಜಿ ಇಲ್ಲ: ಕ್ಯಾನುಲಾ ಎಂಬ ಕೊಳವೆಯ ಕಥೆ

ಡ್ರಿಪ್ ಹಾಕಿಸಿಕೊಂಡವರು ಆ ಕೈಯನ್ನು ಹೇಗೆ ಇಟ್ಟುಕೊಂಡಿರುತ್ತಾರೆ, ಒಮ್ಮೆ ಗಮನಿಸಿ. ಹಲಗೆಯ ಹಾಗೆ ನೆಟ್ಟಗೆ. ಬೆರಳು ಮಡಚುವುದಿಲ್ಲ, ಲೋಟ ಹಿಡಿಯುವುದಿಲ್ಲ. ಯಾಕೆ ಅಂತ ಕೇಳಿದರೆ, "ಒಳಗೆ ಸೂಜಿ ಇದೆಯಲ್ಲ, ಅಲ್ಲಾಡಿಸಿದರೆ ಚುಚ್ಚುತ್ತೆ" ಅನ್ನುತ್ತಾರೆ. ನಮ್ಮ ಅಮ್ಮನೂ ಮೂರು ದಿನ ಹಾಗೇ ಮಲಗಿದ್ದರು. ನಾಲ್ಕನೇ ದಿನ ನರ್ಸ್ ಪಟ್ಟಿ ಬಿಡಿಸಿ ಅದನ್ನು ಎಳೆದಾಗ ಹೊರಗೆ ಬಂದದ್ದು ಒಂದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಸುಮಾರು ಮೂರು ಸೆಂಟಿಮೀಟರ್ ಉದ್ದ. ಬೆರಳಿನಲ್ಲಿ ಒತ್ತಿದರೆ ಬಾಗುತ್ತಿತ್ತು. ಸೂಜಿ ಎಲ್ಲೂ ಇರಲಿಲ್ಲ. ಅದು ಮೊದಲ ದಿನವೇ, ಚುಚ್ಚಿದ ಕೆಲವು ಸೆಕೆಂಡಿನಲ್ಲೇ, ಹೊರಗೆ ಬಂದಿತ್ತು.

ಈ ವಿಷಯ ಯಾರೂ ಅಮ್ಮನಿಗೆ ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅದಕ್ಕೇ ಈ ಕೊಳವೆಯ ಬಗ್ಗೆ ವಿವರವಾಗಿ ಬರೆಯಬೇಕು ಅನ್ನಿಸಿತು.

ಅದರ ಹೆಸರು ಕ್ಯಾನುಲಾ. ವಾರ್ಡಿನಲ್ಲಿ ಐವಿ ಅನ್ನುತ್ತಾರೆ, ಲೈನ್ ಅನ್ನುತ್ತಾರೆ, ವೆನ್‌ಫ್ಲಾನ್ ಅಂತಲೂ ಅನ್ನುತ್ತಾರೆ. ವೆನ್‌ಫ್ಲಾನ್ ನಿಜಕ್ಕೂ ಒಂದು ಬ್ರ್ಯಾಂಡು. ಬಳಸಿ ಬಳಸಿ ವಸ್ತುವಿನ ಹೆಸರೇ ಆಗಿಬಿಟ್ಟಿದೆ. ಆದರೆ ಕ್ಯಾನುಲಾ ಅಂದರೆ ಕೈಗೆ ಹಾಕುವುದು ಮಾತ್ರ ಅಲ್ಲ. ಮೂಗಿಗೆ ಆಮ್ಲಜನಕ ಕೊಡುವ ಎರಡು ಕವಲಿನ ಕೊಳವೆಯೂ ಕ್ಯಾನುಲಾ. ಹೊಟ್ಟೆಯ ನೀರು ತೆಗೆಯುವುದೂ, ಗಂಟಲಿನ ಕೆಳಗೆ ಉಸಿರಾಟಕ್ಕೆ ಇಡುವುದೂ ಕ್ಯಾನುಲಾವೇ. ದೇಹದೊಳಕ್ಕೆ ಏನನ್ನಾದರೂ ಬಿಡಲು ಅಥವಾ ಒಳಗಿನದನ್ನು ಹೊರಗೆ ತರಲು ಇಡುವ ಕೊಳವೆಗೆ ವೈದ್ಯರು ಬಹಳ ಹಿಂದಿನಿಂದ ಕೊಟ್ಟಿರುವ ಹೆಸರು ಅದು.

ಹೆಸರಿನ ಅರ್ಥವೂ ಚೆನ್ನಾಗಿದೆ. ಲ್ಯಾಟಿನ್ ಭಾಷೆಯಲ್ಲಿ 'ಕನ್ನಾ' ಅಂದರೆ ಜೊಂಡು, ನೀರಿನ ದಡದಲ್ಲಿ ಬೆಳೆಯುವ ಟೊಳ್ಳು ಕಡ್ಡಿ. 'ಕ್ಯಾನುಲಾ' ಅಂದರೆ ಪುಟ್ಟ ಜೊಂಡು. ಲ್ಯಾಟಿನ್‌ಗೆ ಈ ಪದ ಗ್ರೀಕಿನಿಂದ ಬಂತು, ಗ್ರೀಕಿಗೆ ಪಶ್ಚಿಮ ಏಷ್ಯಾದ ಹಳೆಯ ಭಾಷೆಗಳಿಂದ. ಕೆನಾಲ್, ಚಾನೆಲ್, ಫಿರಂಗಿಗೆ ಹೇಳುವ ಕ್ಯಾನನ್, ಎಲ್ಲವೂ ಇದೇ ಜೊಂಡಿನ ಕುಟುಂಬದವು. ನಮ್ಮ ಕಡೆಯ ಪದವೂ ಬೇರೆ ದಾರಿ ಹಿಡಿದಿಲ್ಲ. ಸಂಸ್ಕೃತದಲ್ಲಿ ನಡ, ನಲ ಅಂದರೆ ಜೊಂಡು. ನಾಡಿ, ನಾಳ, ನಳಿಗೆ ಅದೇ ಗುಂಪಿನ ಮಾತುಗಳು. ಮನುಷ್ಯ ಮೊದಲು ಕಂಡ ಕೊಳವೆ ಹುಲ್ಲಿನ ದಂಟೇ ಇರಬೇಕು, ಅಲ್ವಾ?

ಕ್ಯಾತಿಟರ್ ಅಂತ ಇನ್ನೊಂದು ಪದ ಕೇಳಿರುತ್ತೀರಿ. ಅದು ಗ್ರೀಕ್ ಮೂಲದ್ದು, 'ಕೆಳಗೆ ಇಳಿಬಿಡುವಂಥದ್ದು' ಎಂಬ ಅರ್ಥ. ಸಾಮಾನ್ಯವಾಗಿ ಗಿಡ್ಡದ್ದನ್ನು ಕ್ಯಾನುಲಾ ಅನ್ನುತ್ತಾರೆ, ಉದ್ದವಾಗಿ ಬಳುಕುವುದನ್ನು ಕ್ಯಾತಿಟರ್ ಅನ್ನುತ್ತಾರೆ. ಗೆರೆ ಎಳೆದ ಹಾಗೆ ವ್ಯತ್ಯಾಸ ಇಲ್ಲ.

ತೂತು ಮಾಡುವುದಲ್ಲ, ತೆರೆದಿಡುವುದು

ದೇಹಕ್ಕೆ ತೂತು ಮಾಡುವುದು ಕಷ್ಟವಲ್ಲ. ಮುಳ್ಳು ಸಾಕು. ಕಷ್ಟ ಇರುವುದು ಆ ತೂತನ್ನು ತೆರೆದಿಡುವುದರಲ್ಲಿ. ಚರ್ಮ ಕುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ, ಅಂಚುಗಳು ಅಂಟಿಕೊಳ್ಳುತ್ತವೆ. ಗಾಯ ಮುಚ್ಚುವುದು ದೇಹದ ಧರ್ಮ. ಬದುಕಿರುವುದೇ ಅದರಿಂದ. ಆದರೆ ಒಳಗೆ ಕೀವು ತುಂಬಿದ್ದಾಗ, ಗಂಟಲು ಮುಚ್ಚಿಹೋದಾಗ ಅದೇ ಗುಣ ಅಡ್ಡ ಬರುತ್ತದೆ. ಕೊಳವೆ ಮಾಡುವುದು ಇಷ್ಟೇ: ಮುಚ್ಚಬೇಡ, ಸ್ವಲ್ಪ ತಾಳು ಅಂತ ದೇಹವನ್ನು ತಡೆದು ಹಿಡಿಯುವುದು. ಈ ಕೊಳವೆಯ ಚರಿತ್ರೆಯಲ್ಲಿ ಬಂದ ಬದಲಾವಣೆಗಳೆಲ್ಲ ಈ ತಡೆಯುವ ಕೆಲಸದಲ್ಲಿ ಎದುರಾದ ಒಂದೊಂದು ತೊಂದರೆಗೆ ಹುಡುಕಿದ ಉಪಾಯ.

ಮೊದಲು ಹೊಟ್ಟೆಯ ನೀರನ್ನೇ ತೆಗೆದುಕೊಳ್ಳಿ. ಲಿವರ್ ಕೆಟ್ಟಾಗ ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬುತ್ತದೆ. ಇದಕ್ಕೆ ಜಲೋದರ ಅನ್ನುತ್ತಾರೆ. ಸುಶ್ರುತ ಸಂಹಿತೆಯಲ್ಲಿ 101 ಯಂತ್ರಗಳ ಲೆಕ್ಕ ಇದೆ. ಅದರಲ್ಲಿ 20 ನಾಡೀಯಂತ್ರಗಳು, ಅಂದರೆ ಟೊಳ್ಳಾದವು. ಕೆಲವಕ್ಕೆ ಒಂದೇ ಬಾಯಿ, ಕೆಲವಕ್ಕೆ ಎರಡು. ಜಲೋದರಕ್ಕೆ ಅದು ಹೇಳುವ ವಿಧಾನ ಹೀಗಿದೆ. ಹೊಕ್ಕುಳ ಕೆಳಗೆ, ಎಡಗಡೆಗೆ, ವ್ರೀಹಿಮುಖ ಎಂಬ ಶಸ್ತ್ರದಿಂದ ಚುಚ್ಚಬೇಕು. ವ್ರೀಹಿ ಅಂದರೆ ಭತ್ತ, ತುದಿ ಭತ್ತದ ಕಾಳಿನ ಹಾಗೆ ಚೂಪು. ಆ ತೂತಿಗೆ ಎರಡು ಬಾಯಿಯ ತವರದ ಕೊಳವೆಯನ್ನೋ ಹಕ್ಕಿಯ ಗರಿಯ ದಂಟನ್ನೋ ಇಟ್ಟು ನೀರು ಹರಿಸಬೇಕು. ಇಲ್ಲಿ ಒಂದು ಎಚ್ಚರಿಕೆ ಇದೆ. ಎಲ್ಲ ನೀರನ್ನೂ ಒಂದೇ ದಿನ ತೆಗೆಯಬೇಡಿ, ತೆಗೆದರೆ ಬಾಯಾರಿಕೆ, ಜ್ವರ, ಮೈನೋವು, ಉಸಿರಾಟದ ತೊಂದರೆ ಬರುತ್ತದೆ. ದಿನಗಳ ಅಂತರ ಕೊಟ್ಟು ಸ್ವಲ್ಪ ಸ್ವಲ್ಪ ತೆಗೆಯಿರಿ, ಆಮೇಲೆ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಿ.

ಇದೇ ಮಾತನ್ನು ಬಹಳ ದೂರದ ರೋಮಿನಲ್ಲಿ, ಕ್ರಿಸ್ತಶಕ ಮೊದಲ ಶತಮಾನದಲ್ಲಿ ಸೆಲ್ಸಸ್ ಬರೆದಿದ್ದಾರೆ. ಅವರ ಕೊಳವೆ ಸೀಸದ್ದು ಅಥವಾ ಕಂಚಿನದು. ಅದರ ಹೊರಗಿನ ಅಂಚನ್ನು ಹೊರಕ್ಕೆ ಬಾಗಿಸಿರಬೇಕು, ಇಲ್ಲವೇ ನಡುವೆ ಒಂದು ಬಳೆ ಇರಬೇಕು ಎನ್ನುತ್ತಾರೆ. ಯಾಕೆಂದರೆ ಕೊಳವೆ ಜಾರಿ ಹೊಟ್ಟೆಯೊಳಗೆ ಹೋಗಿಬಿಡಬಾರದು. ಹೆಚ್ಚಿನ ನೀರು ಹರಿದ ಮೇಲೆ ಕೊಳವೆಯ ಬಾಯಿಗೆ ಬಟ್ಟೆಯ ಬೆಣೆ ತುರುಕಿ, ಮುಂದಿನ ದಿನಗಳಲ್ಲಿ ಅಳತೆ ಮಾಡಿ ಸ್ವಲ್ಪ ಸ್ವಲ್ಪ ಬಿಡಬೇಕು.

ಯಾಕೆ ಅಷ್ಟು ನಿಧಾನ? ಇವತ್ತು ಕಾರಣ ಗೊತ್ತಿದೆ. ಹೊಟ್ಟೆಯ ನೀರು ಒಮ್ಮೆಲೇ ಖಾಲಿಯಾದರೆ ಒಳಗಿನ ಒತ್ತಡ ದಿಢೀರನೆ ಇಳಿಯುತ್ತದೆ. ಹೊಟ್ಟೆಯ ರಕ್ತನಾಳಗಳು ಹಿಗ್ಗಿ ಬಿಪಿ ಬೀಳುತ್ತದೆ, ಕಿಡ್ನಿಗೆ ಪೆಟ್ಟು ಬೀಳಬಹುದು. ಈಗ ಐದು ಲೀಟರಿಗಿಂತ ಜಾಸ್ತಿ ತೆಗೆಯುವಾಗ ಆಲ್ಬುಮಿನ್ ಎಂಬ ಪ್ರೋಟೀನನ್ನು ಡ್ರಿಪ್ಪಿನಲ್ಲಿ ಕೊಡುತ್ತಾರೆ. ಕಾರಣ ಗೊತ್ತಿಲ್ಲದೆಯೂ ಆ ಹಳೆಯ ವೈದ್ಯರು ರೋಗಿಯ ಪಕ್ಕ ಕೂತು, ನೋಡಿ ನೋಡಿ, ಬೆಣೆಯ ಉಪಾಯ ಕಂಡುಕೊಂಡರು. ನನಗೆ ಅವರ ಮೇಲೆ ತುಂಬಾ ಗೌರವ.

ಇನ್ನೂ ಒಂದು ತೊಂದರೆ ಉಳಿದಿತ್ತು. ಮೊದಲು ಕತ್ತಿಯಿಂದ ಚುಚ್ಚಿ, ಕತ್ತಿ ತೆಗೆದು, ಆಮೇಲೆ ಕೊಳವೆ ಹುಡುಕಿ ತೂರಿಸುವುದು. ಅಷ್ಟರಲ್ಲಿ ಚರ್ಮದ ತೂತು ಒಂದು ಕಡೆ, ಸ್ನಾಯುವಿನ ತೂತು ಇನ್ನೊಂದು ಕಡೆ ಜರುಗಿರುತ್ತದೆ. ಇದಕ್ಕೆ ಯುರೋಪಿನಲ್ಲಿ ಬಂದ ಉತ್ತರ ಟ್ರೋಕಾರ್. ಮೂರು ಮುಖದ ಚೂಪಾದ ಸಲಾಕೆ. ಅದರ ಹೆಸರೇ ಫ್ರೆಂಚಿನಲ್ಲಿ ಮೂರು ಬದಿ ಎಂಬ ಮಾತಿನಿಂದ ಬಂದದ್ದು. ಸಲಾಕೆಯ ಮೇಲೆ ಕೊಳವೆಯನ್ನು ಮೊದಲೇ ತೊಡಿಸಿರುತ್ತಾರೆ. ಎರಡೂ ಒಟ್ಟಿಗೆ ಒಳಗೆ ಹೋಗುತ್ತವೆ, ಆಮೇಲೆ ಸಲಾಕೆ ಮಾತ್ರ ಹೊರಗೆ ಬರುತ್ತದೆ. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಅಮ್ಮನ ಕೈಯಲ್ಲಿ ನಡೆದದ್ದೂ ಇದೇ. ಸೂಜಿ ಅಲ್ಲಿ ಸಲಾಕೆ, ಪ್ಲಾಸ್ಟಿಕ್ ಅದರ ಮೇಲಿನ ಕೊಳವೆ. ಕೀಲುಗಳಿಗೆ, ಪಿತ್ತಕೋಶಕ್ಕೆ ಮಾಡುವ ಕೀಹೋಲ್ ಆಪರೇಷನ್ನಿನಲ್ಲೂ ಒಳಗೆ ಹೋಗುವ ದಾರಿ ಇಂಥದ್ದೇ.

ಎದೆ, ಕೀವು ಮತ್ತು ಒಂದು ಬಾಟಲಿ ನೀರು

ಎದೆಗೂಡಿನಲ್ಲಿ ಕೀವು ತುಂಬುವ ಕಾಯಿಲೆಗೆ ಎಂಪೈಮಾ ಅನ್ನುತ್ತಾರೆ. ನ್ಯುಮೋನಿಯಾದ ನಂತರ ಬರುವುದು ಹೆಚ್ಚು. ಹಿಪೊಕ್ರಾಟಿಸ್ ಹೆಸರಿನಲ್ಲಿ ಉಳಿದಿರುವ ಗ್ರೀಕ್ ಬರಹಗಳಲ್ಲಿ ಇದರ ಚಿಕಿತ್ಸೆ ಇದೆ. ಪಕ್ಕೆಲುಬುಗಳ ನಡುವೆ ಕೊಯ್ದು ಕೀವು ಬಿಡಬೇಕು. ಬಟ್ಟೆಯ ಬತ್ತಿ ಇಟ್ಟು ದಿನಕ್ಕೊಮ್ಮೆ ಹರಿಸಬೇಕು. ಬೆಚ್ಚಗಿನ ವೈನ್ ಮತ್ತು ಎಣ್ಣೆಯನ್ನು ಕೊಳವೆಯಿಂದ ಒಳಗೆ ಬಿಟ್ಟು ತೊಳೆಯಬೇಕು. ಕೀವು ನೀರಿನಷ್ಟು ತೆಳ್ಳಗಾದಾಗ ತವರದ ಟೊಳ್ಳು ಕೊಳವೆ ಇಡಬೇಕು.

ಓದುವಾಗ ಸರಳ ಅನ್ನಿಸುತ್ತದೆ. ಆದರೆ ಎದೆಗೆ ತೂತು ಮಾಡುವುದು ಹೊಟ್ಟೆಗೆ ಮಾಡಿದ ಹಾಗಲ್ಲ. ಶ್ವಾಸಕೋಶ ಒಂದು ಬಲೂನಿನ ಹಾಗೆ, ಬಿಟ್ಟರೆ ಕುಗ್ಗುತ್ತದೆ. ಅದನ್ನು ಹಿಗ್ಗಿಸಿಟ್ಟಿರುವುದು ಅದರ ಸುತ್ತಲಿನ ಜಾಗದಲ್ಲಿರುವ ಕಡಿಮೆ ಒತ್ತಡ. ಹೊರಗಿನ ಗಾಳಿಗಿಂತ ಅಲ್ಲಿ ಒತ್ತಡ ಕಡಿಮೆ. ಪಕ್ಕೆಗೆ ತೂತಾಯಿತೋ, ಗಾಳಿ ಅಲ್ಲಿಗೆ ನುಗ್ಗುತ್ತದೆ. ಶ್ವಾಸಕೋಶ ಕುಗ್ಗಿ ಮುದ್ದೆಯಾಗುತ್ತದೆ.

ಹಾಗಾದರೆ ಗ್ರೀಕರ ರೋಗಿಗಳು ಬದುಕಿದ್ದು ಹೇಗೆ? ಅವರು ಕಾಯುತ್ತಿದ್ದರು. ಹದಿನೈದು ದಿನದ ಆಸುಪಾಸು ಕಾದು ಆಮೇಲೆ ಕೊಯ್ಯುತ್ತಿದ್ದರು. ಅಷ್ಟರಲ್ಲಿ ಕೀವು ಗಟ್ಟಿಯಾಗಿ, ಅದರ ಸುತ್ತ ಗೋಡೆ ಕಟ್ಟಿ, ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡಿರುತ್ತದೆ. ಆಗ ತೂತು ಮಾಡಿದರೂ ಅದು ಕುಗ್ಗುವುದಿಲ್ಲ. ಕಾಯುವುದರ ಬೆಲೆ ಏನು ಅಂತ ಜಗತ್ತಿಗೆ ಮತ್ತೆ ಅರ್ಥವಾಗಿದ್ದು 1918ರಲ್ಲಿ. ಇನ್‌ಫ್ಲುಯೆಂಜಾ ಹರಡಿದಾಗ ಅಮೆರಿಕದ ಸೇನಾ ಶಿಬಿರಗಳಲ್ಲಿ ಸಾವಿರಾರು ಯುವಕರಿಗೆ ಎಂಪೈಮಾ ಬಂತು. ವೈದ್ಯರು ಬೇಗ ಬೇಗ ಎದೆ ಕೊಯ್ದು ಬಿಚ್ಚಿಟ್ಟರು. ನೂರಕ್ಕೆ ಸುಮಾರು 30 ಮಂದಿ ಸತ್ತರು. ಎವರ್ಟ್ಸ್ ಗ್ರಹಾಂ ಮತ್ತು ಜೊತೆಯವರು ಕಾರಣ ಹುಡುಕಿದರು: ಶ್ವಾಸಕೋಶ ಅಂಟುವ ಮೊದಲೇ ಬಿಚ್ಚುತ್ತಿದ್ದೀರಿ. ಮೊದಲು ಗಾಳಿ ಹೋಗದಂತೆ ಕೀವು ಎಳೆಯಿರಿ, ತೆರೆಯುವುದಕ್ಕೆ ಕಾಯಿರಿ ಅಂದರು. ಹಾಗೆ ಮಾಡಿದ ಕಡೆ ಸಾವು ನೂರಕ್ಕೆ ಐದರ ಆಸುಪಾಸಿಗೆ ಇಳಿಯಿತು.

ಗಾಳಿ ಹೋಗದಂತೆ ಕೀವು ಎಳೆಯುವ ಉಪಾಯ ಅಷ್ಟರಲ್ಲಿ ಇತ್ತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಗೊಟ್‌ಹಾರ್ಡ್ ಬ್ಯೂಲಾವ್ 1870ರ ದಶಕದಿಂದಲೇ ಅದನ್ನು ಬಳಸುತ್ತಿದ್ದರು, 1891ರಲ್ಲಿ ಪ್ರಕಟಿಸಿದರು. ಎಷ್ಟು ಸುಲಭ ನೋಡಿ. ಟ್ರೋಕಾರ್ ಹಾಕಿ ಎದೆಗೆ ಕೊಳವೆ ಇಳಿಸುವುದು. ಕೊಳವೆಯ ಇನ್ನೊಂದು ತುದಿಯನ್ನು ಮಂಚದ ಕೆಳಗಿನ ಬಾಟಲಿಯ ನೀರಿನಲ್ಲಿ ಮುಳುಗಿಸುವುದು. ರೋಗಿ ಉಸಿರು ಬಿಟ್ಟಾಗ ಕೀವು, ಗಾಳಿ ನೀರಿಗೆ ಬೀಳುತ್ತವೆ, ಗುಳ್ಳೆ ಏಳುತ್ತವೆ. ಉಸಿರು ಎಳೆದಾಗ ಹೊರಗಿನ ಗಾಳಿ ಒಳಗೆ ಹೋಗಲು ನೋಡುತ್ತದೆ, ಆದರೆ ದಾರಿಯಲ್ಲಿ ನೀರಿದೆ. ನೀರು ಕೊಳವೆಯಲ್ಲಿ ಸ್ವಲ್ಪ ಮೇಲೇರುತ್ತದೆ ಅಷ್ಟೇ. ಬಾಟಲಿ ಕೆಳಗಿರುವುದರಿಂದ ಎದೆಯವರೆಗೆ ಏರಲಾರದು. ಒಂದು ಬಾಟಲಿ ನೀರೇ ಒಮ್ಮುಖ ಬಾಗಿಲಾಯಿತು. ಇವತ್ತಿಗೂ ಚೆಸ್ಟ್ ಟ್ಯೂಬ್ ಹಾಕಿದ ರೋಗಿಯ ಮಂಚದ ಪಕ್ಕ ಈ ಬಾಟಲಿ ಇರುತ್ತದೆ. "ಬಾಟಲಿ ಎತ್ತಬೇಡಿ, ಎದೆಗಿಂತ ಕೆಳಗೇ ಇರಲಿ" ಅಂತ ನರ್ಸ್ ಗದರುವುದು ಅದಕ್ಕೇ.

ಬಟ್ಟೆಯ ಬತ್ತಿ ಬಿಟ್ಟು ಟೊಳ್ಳು ಕೊಳವೆಯೇ ಯಾಕೆ ಬೇಕು ಅನ್ನುವುದಕ್ಕೂ ಒಂದು ಪ್ರಸಂಗ ಇದೆ. 1871ರ ಸೆಪ್ಟೆಂಬರ್. ಬ್ರಿಟನ್ನಿನ ರಾಣಿ ವಿಕ್ಟೋರಿಯಾಗೆ ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿ ಕಂಕುಳಲ್ಲಿ ದೊಡ್ಡ ಕೀವುಗಡ್ಡೆ ಎದ್ದಿತ್ತು. ಜೋಸೆಫ್ ಲಿಸ್ಟರ್ ಬಂದು ಕೊಯ್ದರು, ಗಾಯಕ್ಕೆ ಬಟ್ಟೆಯ ಬತ್ತಿ ಇಟ್ಟರು. ಮರುದಿನ ನೋಡಿದರೆ ನೋವು ಇಳಿದಿಲ್ಲ. ಬತ್ತಿ ತೆಗೆದಾಗ ಒಳಗಿನಿಂದ ಕೀವು ಉಕ್ಕಿ ಬಂತು. ಹರಿಸಬೇಕಾದ ಬತ್ತಿಯೇ ಬಿರಡೆಯಾಗಿತ್ತು. ಲಿಸ್ಟರ್ ಕ್ರಿಮಿ ಕೊಲ್ಲಲು ಬಳಸುತ್ತಿದ್ದ ತಮ್ಮ ಕಾರ್ಬಾಲಿಕ್ ಆಸಿಡ್ ಸಿಂಪಡಿಸುವ ಯಂತ್ರದ ರಬ್ಬರ್ ಕೊಳವೆಯ ಒಂದು ತುಂಡು ಕತ್ತರಿಸಿದರು. ರಾತ್ರಿಯಿಡೀ ಅದೇ ಆಸಿಡ್ಡಿನಲ್ಲಿ ನೆನೆಸಿ ಬೆಳಿಗ್ಗೆ ಗಾಯದಲ್ಲಿಟ್ಟರು. ಅದರ ಮರುದಿನದ ಹೊತ್ತಿಗೆ ಕೀವು ನಿಂತು ತಿಳಿ ದ್ರವ ಮಾತ್ರ ಬರುತ್ತಿತ್ತು. ರಬ್ಬರ್ ಕೊಳವೆಯನ್ನು ಹೀಗೆ ಬಳಸುವುದನ್ನು ಪ್ಯಾರಿಸ್‌ನ ಶಸೆನ್ಯಾಕ್ 1859ರಲ್ಲೇ ಪುಸ್ತಕ ಬರೆದು ಸಾರಿದ್ದರು. ಲಿಸ್ಟರ್ ಅದಕ್ಕೆ ಸ್ವಚ್ಛತೆಯನ್ನು ಸೇರಿಸಿದರು. ಅದು ಸಣ್ಣ ಸೇರ್ಪಡೆಯಲ್ಲ. ತೆರೆದಿಟ್ಟ ತೂತಿನಲ್ಲಿ ಕೀವು ಹೊರಗೆ ಬರುವ ಹಾಗೆ ಕ್ರಿಮಿ ಒಳಗೂ ಹೋಗಬಹುದು.

ಉಸಿರಿಗೊಂದು ಬಾಗಿಲು

ಗಂಟಲು ಮುಚ್ಚಿಹೋದವರಿಗೆ ಕುತ್ತಿಗೆಯ ಕೆಳಭಾಗದಲ್ಲಿ ಶ್ವಾಸನಾಳವನ್ನೇ ತೆರೆಯಬಹುದು ಎಂಬುದು ಬಹಳ ಹಳೆಯ ಕಾಲದಿಂದ ಗೊತ್ತಿತ್ತು. ಮಾಡಲು ಧೈರ್ಯ ಇದ್ದವರು ಕಡಿಮೆ. ಇಟಲಿಯ ಫ್ಯಾಬ್ರಿಸಿಯಸ್ ಇದಕ್ಕೆ ರೆಕ್ಕೆ ಇರುವ ಗಿಡ್ಡ ಕೊಳವೆಯನ್ನು ಸೂಚಿಸಿದರು. ಸೆಲ್ಸಸ್ ಹೇಳಿದ ಬಳೆಯ ಕೆಲಸವೇ ಈ ರೆಕ್ಕೆಗೂ: ಕೊಳವೆ ಒಳಗೆ ಬೀಳಬಾರದು. ಪ್ಯಾರಿಸ್‌ನ ನಿಕೊಲಾ ಹಬಿಕೊ 1620ರಲ್ಲಿ ಒಂದು ಘಟನೆ ಬರೆದಿದ್ದಾರೆ. 14 ವರ್ಷದ ಹುಡುಗ. ಕಳ್ಳರಿಗೆ ಸಿಗದಿರಲಿ ಅಂತ ಚಿನ್ನದ ನಾಣ್ಯಗಳ ಗಂಟನ್ನು ನುಂಗಿಬಿಟ್ಟ. ಅದು ಅನ್ನನಾಳದಲ್ಲಿ ಸಿಕ್ಕಿ ಪಕ್ಕದ ಶ್ವಾಸನಾಳವನ್ನು ಒತ್ತಿತು. ಹಬಿಕೊ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರು ಕೊಟ್ಟರು, ಆಮೇಲೆ ಗಂಟನ್ನು ಕೆಳಗೆ ತಳ್ಳಿದರು. ಹುಡುಗನೂ ಉಳಿದ, ನಾಣ್ಯವೂ ಹೊರಗೆ ಬಂತು.

ಇಲ್ಲಿನ ತೊಂದರೆ ಕಫ. ಕೊಳವೆಯಲ್ಲಿ ಕಫ ಒಣಗಿ ಕಟ್ಟಿಕೊಂಡರೆ ಉಸಿರೇ ನಿಲ್ಲುತ್ತದೆ. ತೊಳೆಯಲು ಕೊಳವೆ ತೆಗೆದರೆ ತೂತು ಮುಚ್ಚಿಕೊಳ್ಳುತ್ತದೆ. ಸ್ಕಾಟ್ಲೆಂಡಿನ ಜಾರ್ಜ್ ಮಾರ್ಟಿನ್ 1730ರ ಸುಮಾರಿಗೆ ಕೊಳವೆಯೊಳಗೆ ಕೊಳವೆ ಎಂಬ ಉಪಾಯ ಹೇಳಿದರು. ಒಳಗಿನದನ್ನು ಎಳೆದು ತೊಳೆದು ಮತ್ತೆ ಹಾಕಬಹುದು, ಹೊರಗಿನದು ಅಲ್ಲೇ ಕಾವಲಿಗೆ ಇರುತ್ತದೆ. ಕುತ್ತಿಗೆಯಲ್ಲಿ ಶ್ವಾಸನಾಳ ತೆರೆಯುವ ಈ ಆಪರೇಷನ್ನಿಗೆ ಟ್ರೇಕಿಯಾಸ್ಟಮಿ ಅನ್ನುತ್ತಾರೆ. ಅದಕ್ಕೆ ಈಗ ಬಳಸುವ ಕೊಳವೆಗಳಲ್ಲಿ ಅನೇಕವು ಹೀಗೇ ಇವೆ. 19ನೇ ಶತಮಾನದಲ್ಲಿ ಡಿಫ್ತೀರಿಯಾ, ಅಂದರೆ ಗಂಟಲಮಾರಿ, ಮಕ್ಕಳ ಗಂಟಲಲ್ಲಿ ಪೊರೆ ಕಟ್ಟಿಸಿ ಉಸಿರು ಕಟ್ಟಿಸುತ್ತಿತ್ತು. ಪ್ಯಾರಿಸ್‌ನ ಟ್ರೂಸೊ ಈ ಆಪರೇಷನ್ನಿನಿಂದ ಸುಮಾರು ಕಾಲುಭಾಗ ಮಕ್ಕಳನ್ನು ಉಳಿಸಿಕೊಂಡರು. ಕಾಲುಭಾಗ ಅಂದರೆ ಕಡಿಮೆ ಅನ್ನಿಸಬಹುದು. ಖಂಡಿತ ಸಾಯುತ್ತಾರೆ ಅಂತ ಕೈಬಿಟ್ಟ ಮಕ್ಕಳಲ್ಲಿ ನಾಲ್ಕಕ್ಕೊಂದು ಅದು.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿದಾಗ ಉಸಿರಾಟದ ಸ್ನಾಯುಗಳೇ ಸೋತ ರೋಗಿಗಳು ಬಂದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಕುತ್ತಿಗೆಯ ಕೊಳವೆಗೆ ರಬ್ಬರ್ ಚೀಲ ಜೋಡಿಸಿ ಕೈಯಿಂದ ಒತ್ತಿಸಿದರು. ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು, ವಾರಗಟ್ಟಲೆ, ಹಗಲೂ ರಾತ್ರಿ ಚೀಲ ಒತ್ತಿದರು. ಇವತ್ತಿನ ಐಸಿಯು ಹುಟ್ಟಿದ್ದು ಅಲ್ಲಿಂದ.

ನರ ಸಿಗುವುದು, ನರ ಉಳಿಯುವುದು

ಜನ ರಕ್ತನಾಳಕ್ಕೂ 'ನರ' ಅಂತಲೇ ಹೇಳುತ್ತಾರೆ, ನಾನೂ ಹಾಗೇ ಹೇಳುತ್ತೇನೆ. ನರಕ್ಕೆ ನೇರವಾಗಿ ದ್ರವ ಬಿಡಲು ಕ್ರಿಸ್ಟಫರ್ ರೆನ್ 1656ರಲ್ಲಿ ಬಳಸಿದ್ದು ಹಕ್ಕಿಯ ಗರಿಯ ದಂಟು ಮತ್ತು ಪ್ರಾಣಿಯ ಮೂತ್ರಕೋಶದ ಚೀಲ. ಪ್ರಯೋಗ ನಡೆದದ್ದು ನಾಯಿಯ ಮೇಲೆ.

ಮನುಷ್ಯರಲ್ಲಿ ಇದರ ಅಗತ್ಯ ಕಣ್ಣಿಗೆ ಹೊಡೆದದ್ದು 1832ರ ಕಾಲರಾದಲ್ಲಿ. ಕಾಲರಾ ರೋಗಿಯ ರಕ್ತದಲ್ಲಿ ನೀರೂ ಉಪ್ಪೂ ಕಡಿಮೆಯಾಗಿರುತ್ತದೆ ಎಂದು ವಿಲಿಯಂ ಒಶಾನೆಸಿ ಎಂಬ ಯುವ ವೈದ್ಯರು ತೋರಿಸಿಕೊಟ್ಟಿದ್ದರು. (ಮುಂದೆ ಭಾರತಕ್ಕೆ ಬಂದು ಇಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವರು ಇವರೇ.) ಎಡಿನ್‌ಬರೋ ಪಕ್ಕದ ಲೀತ್‌ನಲ್ಲಿ ಥಾಮಸ್ ಲ್ಯಾಟಾ ಸಾಯುವ ಹಂತದ ಒಬ್ಬ ವೃದ್ಧೆಯ ತೋಳಿನ ನರಕ್ಕೆ ಕೊಳವೆ ಕಟ್ಟಿ ಉಪ್ಪುನೀರು ಬಿಟ್ಟರು. ಮೊದಲು ಏನೂ ಆಗಲಿಲ್ಲ. ಬಿಡುತ್ತಾ ಹೋದ ಹಾಗೆ ಉಸಿರು ಸಲೀಸಾಯಿತು, ನಾಡಿ ಮರಳಿತು, ಮುಖದಲ್ಲಿ ಕಳೆ ಬಂತು. ಅರ್ಧ ಗಂಟೆಯಲ್ಲಿ ಸುಮಾರು ಮೂರೂವರೆ ಲೀಟರ್ ಹೋಗಿತ್ತು. ಆಕೆ ಉಳಿದರು ಅಂದುಕೊಂಡು ಲ್ಯಾಟಾ ಹೊರಟರು. ವಾಂತಿ ಭೇದಿ ಮತ್ತೆ ಶುರುವಾಯಿತು. ಐದೂವರೆ ಗಂಟೆಯಲ್ಲಿ ಆಕೆ ತೀರಿಕೊಂಡರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಚಿಕಿತ್ಸೆ ಸರಿಯಾಗಿತ್ತು. ನೀರು ಮತ್ತೆ ಮತ್ತೆ ಬಿಡಬೇಕಿತ್ತು ಅಷ್ಟೇ. ಬಿಡುತ್ತಲೇ ಇರಬೇಕಾದರೆ ನರದಲ್ಲಿ ಉಳಿಯುವ ಕೊಳವೆ ಬೇಕು.

ಅಂಥದ್ದು ಬರಲು ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಉಕ್ಕಿನ ಸೂಜಿಯನ್ನೇ ನರದಲ್ಲಿಟ್ಟು ಕೈಯನ್ನು ಹಲಗೆಗೆ ಕಟ್ಟುತ್ತಿದ್ದರು. ಸ್ವಲ್ಪ ಅಲ್ಲಾಡಿದರೂ ಸೂಜಿಯ ತುದಿ ನರವನ್ನು ತೂತು ಮಾಡುತ್ತಿತ್ತು. ರೋಗಿಗಳು ಕೈ ಅಲ್ಲಾಡಿಸಲು ಹೆದರುತ್ತಿದ್ದುದು ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಭಯ ಮಾತ್ರ ಸೂಜಿ ಹೋದ ಮೇಲೂ ಉಳಿದುಕೊಂಡಿದೆ. 1950ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಅರಿವಳಿಕೆ ಕಲಿಯುತ್ತಿದ್ದ ಡೇವಿಡ್ ಮಾಸಾ ಉಕ್ಕಿನ ಸೂಜಿಯ ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿದರು. ಚುಚ್ಚುವ ತನಕ ಉಕ್ಕು, ಆಮೇಲೆ ಪ್ಲಾಸ್ಟಿಕ್. ಹಳೆಯ ಟ್ರೋಕಾರ್ ಉಪಾಯ ಒಂದು ನರಕ್ಕೆ ಹೊಂದುವಷ್ಟು ಪುಟ್ಟದಾಯಿತು.

ಕೈ ಮೇಲಿನ ಕ್ಯಾನುಲಾಕ್ಕೆ ಬಣ್ಣ ಇರುತ್ತದೆ. ಅದು ಅಂದಕ್ಕಲ್ಲ, ಗಾತ್ರ ಹೇಳುವುದಕ್ಕೆ. ಹಳದಿ 24 ಗೇಜ್, ನೀಲಿ 22, ಗುಲಾಬಿ 20, ಹಸಿರು 18, ಬೂದು 16, ಕಿತ್ತಳೆ 14. ಸಂಖ್ಯೆ ಜಾಸ್ತಿಯಾದಷ್ಟೂ ಕೊಳವೆ ಸಣ್ಣ. ತಲೆಕೆಳಗಾಗಿದೆ ಅನ್ನಿಸುತ್ತದೆ ಅಲ್ವಾ? ಗೇಜ್ ಎಂಬ ಅಳತೆ ತಂತಿ ಎಳೆಯುವವರಿಂದ ಬಂದದ್ದು. ತಂತಿಯನ್ನು ಅಚ್ಚಿನಲ್ಲಿ ಜಾಸ್ತಿ ಸಲ ಎಳೆದಷ್ಟೂ ತೆಳ್ಳಗಾಗುತ್ತದೆ.

ಮಗುವಿಗೆ ಹಳದಿ, ಅಪಘಾತದಲ್ಲಿ ರಕ್ತ ಸುರಿಯುತ್ತಿರುವವರಿಗೆ ಬೂದು ಅಥವಾ ಕಿತ್ತಳೆ ಹಾಕುವುದಕ್ಕೆ ಒಂದು ಲೆಕ್ಕ ಇದೆ. 1840ರ ಸುಮಾರಿಗೆ ಫ್ರಾನ್ಸಿನ ವೈದ್ಯ ಪ್ವಾಸೆಯ್ ಇದನ್ನು ಕಂಡುಕೊಂಡರು. ಕೊಳವೆಯ ಒಳಗಲ ಎರಡು ಪಟ್ಟಾದರೆ ಹರಿಯುವ ದ್ರವ ಎರಡು ಪಟ್ಟಲ್ಲ, ನಾಲ್ಕು ಪಟ್ಟೂ ಅಲ್ಲ, ಹದಿನಾರು ಪಟ್ಟು. ಉದ್ದ ಎರಡು ಪಟ್ಟಾದರೆ ಹರಿವು ಅರ್ಧಕ್ಕಿಳಿಯುತ್ತದೆ. ಅದಕ್ಕೇ ರಕ್ತ ಬೇಗ ಕೊಡಬೇಕಾದಾಗ ತೋಳಿನಲ್ಲಿ ಗಿಡ್ಡ, ದಪ್ಪ ಕ್ಯಾನುಲಾ ಹಾಕುತ್ತಾರೆ. ಕುತ್ತಿಗೆಯಿಂದ ಇಳಿಸುವ ಉದ್ದನೆಯ, ಸಪೂರ ಲೈನಿಗಿಂತ ಅದರಲ್ಲಿ ರಕ್ತ ಬೇಗ ಹೋಗುತ್ತದೆ.

ಮೆತ್ತಗಿರಲಿ, ಸ್ವಚ್ಛವಾಗಿರಲಿ, ಕ್ಯಾನುಲಾ ನರಕ್ಕೆ ಹೊರಗಿನದೇ. ಕೆಲವು ದಿನದಲ್ಲಿ ನರ ಕೆಂಪಾಗಿ ಹಗ್ಗದ ಹಾಗೆ ಗಟ್ಟಿಯಾಗಬಹುದು. ಕೊಳವೆಯ ತುದಿ ನರದಿಂದ ಹೊರಗೆ ಜಾರಿದರೆ ಔಷಧ ಚರ್ಮದಡಿ ಸೇರಿ ಕೈ ಊದುತ್ತದೆ. ಆದ್ದರಿಂದ ಡ್ರಿಪ್ ಹಾಕಿದ ಕೈ ನೋಯುತ್ತಿದ್ದರೆ, ಉರಿಯುತ್ತಿದ್ದರೆ, ಊದಿದ್ದರೆ, ಪಟ್ಟಿಯ ಕೆಳಗೆ ಒದ್ದೆಯಾಗಿದ್ದರೆ ಸಂಕೋಚ ಬಿಟ್ಟು ನರ್ಸ್‌ಗೆ ಹೇಳಿ. ಬೆರಳು ಆಡಿಸಿ, ಲೋಟ ಹಿಡಿಯಿರಿ, ಏನೂ ಚುಚ್ಚುವುದಿಲ್ಲ. ಕೊಳವೆ ಎಳೆಯುವಂತೆ ಜಗ್ಗಬೇಡಿ ಅಷ್ಟೇ.

ತೆಗೆಯುವಾಗ ನರ್ಸ್ ಹತ್ತಿ ಇಟ್ಟು ಎರಡು ಮೂರು ನಿಮಿಷ ಒತ್ತಿ ಹಿಡಿಯುತ್ತಾರೆ. ಅಷ್ಟರಲ್ಲಿ ರಕ್ತ ನಿಲ್ಲುತ್ತದೆ. ಕೀವಿನ ಗಾಯಕ್ಕೆ ಇಟ್ಟ ಡ್ರೇನ್, ಅಂದರೆ ಕೀವು ಹರಿಸುವ ಕೊಳವೆ, ತೆಗೆಯುವುದು ಇಷ್ಟು ಬೇಗ ಆಗುವುದಿಲ್ಲ. ಚರ್ಮ ಮೊದಲು ಮುಚ್ಚಿ ಒಳಗೆ ಟೊಳ್ಳು ಉಳಿದರೆ ಕೀವು ಮತ್ತೆ ಕಟ್ಟುತ್ತದೆ. ಅದಕ್ಕೇ ಕೆಲವು ಡ್ರೇನ್‌ಗಳನ್ನು ಸರ್ಜನ್‌ಗಳು ದಿನಕ್ಕೆ ಒಂದೆರಡು ಸೆಂಟಿಮೀಟರ್ ಹೊರಕ್ಕೆಳೆದು, ಬಂದಷ್ಟನ್ನು ಕತ್ತರಿಸುತ್ತಾರೆ. ಗಾಯ ತಳದಿಂದ ಮೇಲಕ್ಕೆ ಕೂಡಿಕೊಂಡು ಬರುತ್ತದೆ. ಆ ಗ್ರೀಕ್ ವೈದ್ಯರೂ ತವರದ ಕೊಳವೆಗೆ ಹೆಚ್ಚೂಕಡಿಮೆ ಇದನ್ನೇ ಹೇಳಿದ್ದಾರೆ: ಒಳಗೆ ಒಣಗಿದ ಮೇಲೆ ಕೊಳವೆಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬನ್ನಿ, ಗಾಯ ಕೂಡಿಕೊಂಡ ಮೇಲೆ ಪೂರ್ತಿ ತೆಗೆಯಿರಿ.